ಮೊದಲ ಕೋವಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿ ಪೆನ್ಸಿಲ್ವೇನಿಯಾ ಎಂಬುದೊಂದು ರಾಜ್ಯ. ಅದರ ಉತ್ತರದಂಚಿನಲ್ಲಿ, ನ್ಯೂಯಾರ್ಕ್ ರಾಜ್ಯದ ಗಡಿಗೆ ಒತ್ತಿಕೊಂಡು, ಪಾಟರ್ ಕೌಂಟಿ ಎಂಬ ಗುಡ್ಡಗಾಡಿನ ಸೀಮೆಯಿದೆ. ವಿಸ್ತೀರ್ಣದಲ್ಲಿ ಅದು ಸಾವಿರ ಚದರ ಮೈಲಿಗೂ ಮಿಗಿಲು. ಜನಸಂಖ್ಯೆಯಾದರೋ ಸುಮಾರು 16 ಸಾವಿರ. ಬೆಂಗಳೂರಿನ ಒಂದು ಬಡಾವಣೆಯಲ್ಲಿಯೇ ಅದಕ್ಕಿಂತ ಹೆಚ್ಚು ಜನರಿದ್ದಾರು! ಉಳಿದುದೆಲ್ಲ ಕಾಡು, ಕಣಿವೆ, ತಣ್ಣನೆಯ ಹಳ್ಳಗಳು. ಕಾಡುಚೆರಿ, ಮೇಪಲ್, ಬೀಚ್ ಮರಗಳು ಒತ್ತಾಗಿ ಬೆಳೆದ ಗುಡ್ಡಗಳ ನಡುವೆ 6ನೆಯ ನಂಬರಿನ ಹೆದ್ದಾರಿ ಹಾವಿನಂತೆ ಹರಿದುಹೋಗುತ್ತದೆ. ಅಲ್ಲಿಯ ಜನ ತಮ್ಮ ಸೀಮೆಯನ್ನು ಅಭಿಮಾನದಿಂದ ‘ದೇವರ ನಾಡು’ ಎಂದು ಕರೆದುಕೊಳ್ಳುತ್ತಾರೆ.

ಪಶ್ಚಿಮ ಘಟ್ಟದ ನೆತ್ತಿಯ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಅರಬ್ಬಿ ಸಮುದ್ರಕ್ಕೂ ಇನ್ನೊಂದು ಪಾಲು ಬಂಗಾಳ ಕೊಲ್ಲಿಗೂ ಹೋಗುವುದನ್ನು ಬಲ್ಲ ಕನ್ನಡಿಗರಿಗೆ ಈ ಸೀಮೆಯ ಒಂದು ವೈಚಿತ್ರ್ಯ ಕೂಡಲೆ ಮನದಟ್ಟಾಗುತ್ತದೆ. ಇಲ್ಲಿಯ ಗೋಲ್ಡ್ ಎಂಬ ಹಳ್ಳಿಯ ಸಮೀಪದ ಗುಡ್ಡದ ನೀರು ಎರಡಲ್ಲ, ಮೂರು ದಿಕ್ಕಿಗೆ ಕವಲೊಡೆಯುತ್ತದೆ. ಅಲೆಗೆನಿ ನದಿಯಾಗಿ ಹರಿದದ್ದು ಒಹಾಯೊ, ಮಿಸಿಸಿಪಿಗಳನ್ನು ಕೂಡಿಕೊಂಡು ಮೆಕ್ಸಿಕೊ ಕೊಲ್ಲಿಯನ್ನು ಸೇರುತ್ತದೆ. ಜೆನೆಸಿಯಾಗಿ ಉತ್ತರಕ್ಕೆ ಹರಿದದ್ದು ಆಂಟೇರಿಯೊ ಸರೋವರದ ಮೂಲಕ ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋಗುತ್ತದೆ. ಪೈನ್ ಕ್ರೀಕ್ ಆಗಿ ಇಳಿದದ್ದು ಸಸ್ಕ್ವೆಹಾನ ನದಿಯನ್ನು ಹಿಡಿದು ಚೆಸಪೀಕ್ ಕೊಲ್ಲಿಯನ್ನು ಮುಟ್ಟುತ್ತದೆ.

ವರ್ಷವೆಲ್ಲ ಸದ್ದಿಲ್ಲದೆ ಇರುವ ಈ ಸೀಮೆ ನವೆಂಬರಿನ ಕೊನೆಯ ವಾರದಲ್ಲಿ ಥಟ್ಟನೆ ಎಚ್ಚರಗೊಳ್ಳುತ್ತದೆ. ಆ ತಿಂಗಳ ನಾಲ್ಕನೆಯ ಗುರುವಾರ ಕೃತಜ್ಞತಾರ್ಪಣೆಯ ಹಬ್ಬ. ಅದು ಮುಗಿದ ಕೂಡಲೆ ಜಿಂಕೆಯ ಬೇಟೆಯ ಕಾಲ. 1963ರಿಂದ ಹಬ್ಬದ ಮುಂದಿನ ಸೋಮವಾರ ಕೋವಿಬೇಟೆ ಆರಂಭವಾಗುತ್ತಿತ್ತು. 2019ರಲ್ಲಿ ಅದನ್ನು ಎರಡು ದಿನ ಹಿಂದಕ್ಕೆ ತಂದು ಶನಿವಾರಕ್ಕೆ ಗೊತ್ತುಮಾಡಿದರು. ಆದರೂ ರಾಜ್ಯದ ಅನೇಕ ಶಾಲೆಗಳು ಸೋಮವಾರದ ರಜೆಯನ್ನು ಬಿಟ್ಟುಕೊಟ್ಟಿಲ್ಲ. ಮೇಷ್ಟರೂ ಹುಡುಗರೂ ಕಾಡಿನಲ್ಲಿರುವಾಗ ಶಾಲೆಯ ಬಾಗಿಲು ತೆರೆದು ಪ್ರಯೋಜನವೇನು?

ಆ ವಾರ ಕೌಡರ್ಸ್‌ಪೋರ್ಟ್ ಎಂಬ ಕೌಂಟಿಯ ಮುಖ್ಯಪಟ್ಟಣದ ಬೀದಿಗೆ ಬಂದ ಪ್ರವಾಸಿಗೆ ಮೊದಲು ಕಾಣುವುದು ಬಣ್ಣ. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರ ಟೋಪಿಯೂ ಅಂಗಿಯೂ ಕಣ್ಣುಕುಕ್ಕುವ ಕಿತ್ತಳೆಯ ಬಣ್ಣ. ಇದು ಷೋಕಿಯಲ್ಲ, ಕಾನೂನು. ತಲೆ, ಎದೆ, ಬೆನ್ನುಗಳ ಮೇಲೆ ಒಟ್ಟು 250 ಚದರ ಅಂಗುಲದಷ್ಟು ಈ ಬಣ್ಣ ಕಾಣದೆ ಹೋದರೆ ಕೋವಿ ಹಿಡಿದು ಜಿಂಕೆಬೇಟೆಗೆ ಹೋಗುವಂತಿಲ್ಲ. ಮನುಷ್ಯನ ಕಣ್ಣಿಗೆ ಉರಿಯುವ ಬೆಂಕಿಯಂತಿರುವ ಈ ಬಣ್ಣ ಜಿಂಕೆಯ ಕಣ್ಣಿಗೆ ಹಾಗೆ ಎದ್ದು ಕಾಣುವುದಿಲ್ಲ. ಬೇಟೆಗಾರನನ್ನು ಇನ್ನೊಬ್ಬ ಬೇಟೆಗಾರನಿಂದ ಕಾಪಾಡುವ ಉಪಾಯವಿದು.

ಹೋದ ಕಾಡು, ಬಂದ ಜಿಂಕೆ

ಇಷ್ಟೊಂದು ಬೇಟೆಯಾಡಿದರೆ ಜಿಂಕೆಗಳು ಉಳಿಯುವುದುಂಟೆ ಎಂಬ ಪ್ರಶ್ನೆ ಸಹಜ. ಒಂದು ಕಾಲದಲ್ಲಿ ಅವು ಉಳಿಯಲಿಲ್ಲವೆಂಬುದೇ ನಿಜ. ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ವ್ಯಾಪಾರಿಗಳು ಈ ಗುಡ್ಡಗಳ ಪೈನ್ ಮತ್ತು ಹೆಮ್‌ಲಾಕ್ ಮರಗಳನ್ನು ಬುಡಸಹಿತ ಕಡಿದೊಯ್ದರು; ಹೆಮ್‌ಲಾಕಿನ ತೊಗಟೆ ಚರ್ಮ ಹದಮಾಡುವ ಕಾರ್ಖಾನೆಗಳಿಗೆ ಹೋಯಿತು. ಅಂಕೆಯಿಲ್ಲದ ಬೇಟೆಯಿಂದ ಜಿಂಕೆಗಳೂ ಹೋದವು. 1900ರ ಹೊತ್ತಿಗೆ ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಕಾಣುವುದೇ ಅಪರೂಪವಾಗಿತ್ತು. 1895ರಲ್ಲಿ ಸ್ಥಾಪನೆಯಾದ ರಾಜ್ಯದ ಬೇಟೆಯ ಆಯೋಗ 1906ರಲ್ಲಿ ಮಿಷಿಗನ್ ರಾಜ್ಯದಿಂದ 50 ಜಿಂಕೆಗಳನ್ನು ತರಿಸಿ ಬಿಟ್ಟಿತು. ಮರುವರ್ಷ ಹೆಣ್ಣುಜಿಂಕೆಯನ್ನು ಕೊಲ್ಲಕೂಡದೆಂದು ಕಾಯಿದೆಯಾಯಿತು. ಕಡಿದ ಕಾಡಿನಲ್ಲಿ ಎಳೆಯ ಚಿಗುರು ಹುಲುಸಾಗಿ ಎದ್ದಿತ್ತು. ತೋಳ, ಸಿಂಹದ ಬಣ್ಣದ ಕಾಡುಬೆಕ್ಕುಗಳನ್ನು ಮನುಷ್ಯ ಅದಾಗಲೇ ನಿರ್ನಾಮ ಮಾಡಿದ್ದ. ತಿನ್ನಲು ಚಿಗುರಿದೆ, ತಿನ್ನುವ ವೈರಿಯಿಲ್ಲ. ಜಿಂಕೆಯ ಸಂತಾನ ಬೆಳೆದದ್ದೇ ಬೆಳೆದದ್ದು. 1920ರ ದಶಕದಲ್ಲಿ ಅವು ಮಿತಿಮೀರಿ ಹೆಚ್ಚಿ, ಚಳಿಗಾಲದಲ್ಲಿ ಮೇವಿಲ್ಲದೆ ಸಾಯತೊಡಗಿದುವು. ಈಚಿನ ವರ್ಷಗಳಲ್ಲಿ ರಾಜ್ಯದಾದ್ಯಂತ ಒಂದೊಂದು ಋತುವಿನಲ್ಲಿ ಬೇಟೆಗೆ ಬೀಳುವ ಜಿಂಕೆಗಳು 4 ಲಕ್ಷಕ್ಕೂ ಮೇಲು. ಆದರೂ ಸಸಿಗಳನ್ನು ಮೇಯ್ದು ಕಾಡು ಬೆಳೆಯಗೊಡುವುದಿಲ್ಲವೆಂಬ ದೂರು ಜಿಂಕೆಯ ಮೇಲೆ ಇನ್ನೂ ಇದೆ. 1959ರಿಂದ ಬಿಳಿಬಾಲದ ಈ ಜಿಂಕೆಯೇ ಆ ರಾಜ್ಯದ ಲಾಂಛನಮೃಗ. ಪೂಜೆಯೂ ಅದಕ್ಕೇ, ಗುಂಡೂ ಅದಕ್ಕೇ!

ಇಂಥ ನಾಡಿನಲ್ಲಿ ಮಗುವಿಗೆ ಹನ್ನೆರಡು ತುಂಬುವುದೆಂದರೆ ಸಣ್ಣ ಸಂಗತಿಯಲ್ಲ. ಹನ್ನೆರಡು ತುಂಬಿದ ಮಗು ತರಬೇತಿಯ ತರಗತಿಯಲ್ಲಿ ಕುಳಿತು, ಪರೀಕ್ಷೆಯಲ್ಲಿ ತೇರ್ಗಡೆಯಾದರೆ ತನ್ನ ಹೆಸರಿನಲ್ಲಿಯೇ ಬೇಟೆಯ ಲೈಸೆನ್ಸು ಪಡೆಯಬಹುದು. ಅದಕ್ಕೂ ಚಿಕ್ಕವರಿಗೆ, ಅನುಭವಸ್ಥ ಹಿರಿಯನೊಬ್ಬ ಹತ್ತಿರವೇ ಇದ್ದು ಕಲಿಸುವ ಏರ್ಪಾಡು 2006ರಲ್ಲಿ ಬಂದಿತು. ಲೈಸೆನ್ಸು ಸಿಕ್ಕಿದರೂ ಹನ್ನೆರಡು-ಹದಿಮೂರರ ಮಕ್ಕಳು ಮನೆಯ ಹಿರಿಯರೊಬ್ಬರ ಸಂಗಡ ಮಾತ್ರವೇ ಕಾಡಿಗೆ ಹೋಗಬೇಕು. ಕೋವಿಯನ್ನಾದರೋ ಮಗು ಅಂಗಡಿಯಲ್ಲಿ ಕೊಳ್ಳುವಂತೆಯೇ ಇಲ್ಲ. 1968ರ ಕೇಂದ್ರ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರಿಗೆ ವ್ಯಾಪಾರಿ ರೈಫಲನ್ನು ಮಾರಕೂಡದು. ಆದ್ದರಿಂದ ಮೊದಲ ಕೋವಿಯನ್ನು ಆರಿಸಿ ತರುವ ಭಾರ ತಂದೆತಾಯಿಯರದು.

ಮನೆಯೊಳಗಿನ ಮೂರು ಮತಗಳು

ಈ ಸೀಮೆಯ ಯಾವ ಮನೆಯಲ್ಲಾದರೂ ನಡೆಯಬಹುದಾದ ಪ್ರಸಂಗವನ್ನು ಕಣ್ಣಮುಂದೆ ತಂದುಕೊಳ್ಳೋಣ. ಕೌಡರ್ಸ್‌ಪೋರ್ಟಿನ ಹೊರಗೆ ಒಂದು ಮರದ ಮನೆ. ಅಜ್ಜ, ತಂದೆ, ತಾಯಿ, ಹನ್ನೆರಡು ತುಂಬಿದ ಮಗಳು. ಪರೀಕ್ಷೆಯಲ್ಲಿ ತೇರ್ಗಡೆಯಾದ ಕಾಗದ ಕೈಗೆ ಬಂದಿದೆ. ಸೋದರಮಾವನೂ ಊಟಕ್ಕೆ ಬಂದಿದ್ದಾನೆ. ಮಗುವಿಗೆ ಯಾವ ಕೋವಿ? ಊಟ ಮುಗಿಯುವುದರೊಳಗೆ ಮೂರು ಮತಗಳು ಹುಟ್ಟಿದವು.

ಅಜ್ಜನ ಪಕ್ಷ ಹಳೆಯದರ ಪಕ್ಷ. ಗೋಡೆಯ ಕಪಾಟಿನಲ್ಲಿ ಅವನ ತಂದೆಯ ಕಾಲದ ವಿಂಚೆಸ್ಟರ್ ಇದೆ. ಜಾನ್ ಬ್ರೌನಿಂಗ್ ರೂಪಿಸಿದ 1894ರ ಮಾದರಿ. ಟ್ರಿಗರಿನ ಸುತ್ತಲಿನ ಸನ್ನೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಹೊಸ ತೋಟಾ ನಳಿಗೆಗೆ ಏರುತ್ತದೆ. ಅದರ ತೋಟಾವನ್ನು .30-30 ಎನ್ನುತ್ತಾರೆ. ಮೊದಲಿನ ಅಂಕೆ ಗುಂಡಿನ ದಪ್ಪ, ಎಂದರೆ ಅಂಗುಲದ ನೂರರಲ್ಲಿ ಮೂವತ್ತು ಪಾಲು. ಎರಡನೆಯದು ಮೊದಲು ಅದರಲ್ಲಿ ತುಂಬುತ್ತಿದ್ದ ಮದ್ದಿನ ತೂಕ, ಮೂವತ್ತು ಗ್ರೇನು. “ನನ್ನ ತಂದೆಗೆ ಆದದ್ದು, ನನಗೆ ಆದದ್ದು, ನನ್ನ ಮೊಮ್ಮಗಳಿಗೆ ಆಗದೆ?” ಎಂದು ಅಜ್ಜನ ವಾದ.

ಸೋದರಮಾವನದು ದೊಡ್ಡದರ ಪಕ್ಷ. 1906ರಲ್ಲಿ ಅಮೆರಿಕದ ಸೈನ್ಯಕ್ಕೆಂದು ಹುಟ್ಟಿದ .30-06 ತೋಟಾ ಅವನ ಮೆಚ್ಚಿಗೆ. “ಮಗು ಬೆಳೆಯುವುದಿಲ್ಲವೆ? ಒಮ್ಮೆಗೇ ದೊಡ್ಡದನ್ನು ತಂದುಬಿಟ್ಟರೆ ಜೀವಮಾನಕ್ಕೆ ಒಂದೇ ಖರ್ಚು.” ಜೂನ್ ತಿಂಗಳಲ್ಲಿ ಮಕ್ಕಳಿಗೆ ಎರಡು ಅಳತೆ ದೊಡ್ಡದಾದ ಸಮವಸ್ತ್ರ ಹೊಲಿಸುವ ನಮ್ಮ ಮನೆಗಳಲ್ಲಿ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಿ ದೊಡ್ಡದಾದರೆ ಮಗುವಿಗೆ ನಗೆಪಾಟಲು. ಕೋವಿ ದೊಡ್ಡದಾದರೆ ಗಾಯವಾಗುವುದು ಯಾರಿಗೋ ಹೇಳಬರುವುದಿಲ್ಲ.

ತಂದೆಯ ಮನಸ್ಸು ಇದಕ್ಕೆ ತೀರ ವಿರುದ್ಧ. ಮಗಳ ಹೆಗಲನ್ನು ನೋಡಿ, “ಎಲ್ಲಕ್ಕಿಂತ ಚಿಕ್ಕದೇ ಒಳ್ಳೆಯದು” ಎಂದು ಅವನ ಎಣಿಕೆ. ಮಗು ಈಗಾಗಲೇ .22ರ ಸಣ್ಣ ರೈಫಲಿನಿಂದ ಕಾಗದದ ಗುರಿಗೆ ಹೊಡೆಯುವುದನ್ನು ಕಲಿತಿದೆ, ಅದೇ ಸಾಲದೆ? ಸಾಲದು, ಕಾನೂನೇ ಒಪ್ಪದು. .22ರ ಗುಂಡು ಅಳಿಲಿಗೆ ಸರಿ. ಜಿಂಕೆಗೆ ಅದನ್ನು ಹೊಡೆದರೆ ಪ್ರಾಣಿ ಸಾಯದೆ, ಬದುಕದೆ, ಪೊದೆಯೊಳಗೆ ಸೇರಿ ದಿನಗಟ್ಟಲೆ ನರಳುತ್ತದೆ. ಚಿಕ್ಕ ಕೋವಿ ಮಗುವಿಗೆ ಕನಿಕರ ತೋರಿಸಬಹುದು, ಜಿಂಕೆಗೆ ತೋರಿಸುವುದಿಲ್ಲ.

ತಾಯಿ ಇಷ್ಟು ಹೊತ್ತೂ ಸುಮ್ಮನಿದ್ದಳು. ತಟ್ಟೆಗಳನ್ನು ತೆಗೆಯುತ್ತ ಒಂದೇ ಪ್ರಶ್ನೆ ಕೇಳಿದಳು: “ಹೊಡೆಯುವುದನ್ನು ನೀವೆಲ್ಲ ಕಲಿಸುತ್ತೀರಿ. ಹೊಡೆಯದೆ ಬಿಡುವುದನ್ನು ಯಾರು ಕಲಿಸುತ್ತೀರಿ?”

ಯಾರೂ ಉತ್ತರ ಹೇಳಲಿಲ್ಲ. ತಾಯಿಯ ಆತಂಕಕ್ಕೆ ಕಾರಣವಿಲ್ಲದೆ ಇರಲಿಲ್ಲ. 2020ರಲ್ಲಿ ಅಮೆರಿಕದ ಮಕ್ಕಳು ಮತ್ತು ಹತ್ತೊಂಬತ್ತರೊಳಗಿನ ತರುಣರ ಸಾವಿನ ಕಾರಣಗಳಲ್ಲಿ ಗುಂಡಿನ ಗಾಯವು ವಾಹನಾಪಘಾತವನ್ನೂ ಹಿಂದಿಕ್ಕಿ ಮೊದಲನೆಯದಾಯಿತು. ಆ ಸಾವುಗಳಲ್ಲಿ ಹೆಚ್ಚಿನವು ಕಾಡಿನಲ್ಲಿ ಆದುವಲ್ಲ; ಊರಿನಲ್ಲಿ, ಬೀದಿಯಲ್ಲಿ, ಮನೆಯ ನಾಲ್ಕು ಗೋಡೆಗಳ ನಡುವೆ ಆದುವು. ಕೋವಿಯನ್ನು ಆರಿಸುವ ಮೊದಲೇ ಅದನ್ನಿಡುವ ಕಬ್ಬಿಣದ ಕಪಾಟನ್ನೂ ಬೀಗವನ್ನೂ ಆರಿಸಬೇಕೆಂದು ತಾಯಿ ಪಟ್ಟುಹಿಡಿದಳು. ಕೋವಿ ಒಂದೆಡೆ, ತೋಟಾ ಇನ್ನೊಂದೆಡೆ, ಎರಡರ ಬೀಗದ ಕೈಯೂ ಅವಳ ವಶ. ಈ ಷರತ್ತಿಗೆ ಮೂರು ಪಕ್ಷದವರೂ ತಲೆಬಾಗಿದರು.

ಅಂಗಡಿಯವನ ಅಳತೆ

ಮರುದಿನ ಅಂಗಡಿಗೆ ಹೋದಾಗ ಮುದುಕ ವ್ಯಾಪಾರಿ ಗೋಡೆಯ ಮೇಲಿನ ಯಾವ ಕೋವಿಗೂ ಕೈಹಾಕಲಿಲ್ಲ. “ಮೊದಲು ನಿನ್ನ ಚಳಿಯ ಕೋಟನ್ನು ತೊಟ್ಟುಕೊ, ಮಗೂ” ಎಂದ. ಹಿಮ ಬೀಳುವ ಬೆಳಗಿನಲ್ಲಿ ತೊಡುವ ದಪ್ಪ ಕೋಟಿನಿಂದಾಗಿ ಹೆಗಲು ಒಂದು ಅಂಗುಲದಷ್ಟು ಮುಂದಕ್ಕೆ ಬಂದಂತಾಗುತ್ತದೆ. ಬೇಸಗೆಯ ಅಂಗಿಯಲ್ಲಿ ಸರಿಹೋದ ಕೋವಿ ಆಗ ಉದ್ದವಾಗಿ, ಎತ್ತುವಾಗ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಅವನು ಹುಡುಗಿಯ ಮೊಣಕೈಯನ್ನು ಮಡಿಸಿ, ಕೋವಿಯ ಮರದ ಬುಡವನ್ನು ಮಡಿಕೆಗೆ ಆನಿಸಿ, ಬೆರಳು ಟ್ರಿಗರನ್ನು ಮುಟ್ಟುತ್ತದೆಯೆ ಎಂದು ನೋಡಿದ. ದೊಡ್ಡವರ ಕೋವಿಯಲ್ಲಿ ಬುಡದ ತುದಿಯಿಂದ ಟ್ರಿಗರಿಗೆ ಸುಮಾರು ಹದಿಮೂರೂವರೆ ಅಂಗುಲ. ಹುಡುಗಿಯ ಬೆರಳು ಅಷ್ಟು ದೂರಕ್ಕೆ ಎಟುಕಲಿಲ್ಲ. ಮಕ್ಕಳ ಅಳತೆಯದರಲ್ಲಿ ಒಂದು ಅಂಗುಲ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕಡಮೆ ಇರುತ್ತದೆ. ಹಿಂದಿನ ಕಾಲದಲ್ಲಿ ತಂದೆ ಗರಗಸದಿಂದ ಹಳೆಯ ಕೋವಿಯ ಬುಡವನ್ನು ಕೊಯ್ದು, ಮಗು ಬೆಳೆದಂತೆ ಕೊಯ್ದ ತುಂಡನ್ನೇ ತಿರುಗಿ ತಿರುಪಿನಿಂದ ಕೂಡಿಸುತ್ತಿದ್ದ. ಈಗ ಬುಡಕ್ಕೆ ಸೇರಿಸುವ ಬಿಲ್ಲೆಗಳೇ ಕೋವಿಯ ಸಂಗಡ ಬರುತ್ತವೆ. ವರ್ಷಕ್ಕೊಂದರಂತೆ ಸೇರಿಸುತ್ತ ಹೋಗಬಹುದು.

ಆಮೇಲಿನ ಪ್ರಶ್ನೆ ಕಣ್ಣಿನದು. ಬಲಗೈಯವರೆಲ್ಲರ ಬಲಗಣ್ಣೇ ಮುಂದಾಗಿರುವುದೆಂದು ಹೇಳುವಂತಿಲ್ಲ. ಎರಡು ಅಂಗೈಗಳ ನಡುವೆ ಸಣ್ಣದೊಂದು ಕಿಂಡಿ ಮಾಡಿ, ಅದರ ಮೂಲಕ ದೂರದ ಗಡಿಯಾರವನ್ನು ನೋಡುತ್ತ, ಒಂದೊಂದೇ ಕಣ್ಣು ಮುಚ್ಚುವಂತೆ ವ್ಯಾಪಾರಿ ಹೇಳಿದ. ಎಡಗಣ್ಣು ಮುಚ್ಚಿದಾಗಲೂ ಗಡಿಯಾರ ಕಿಂಡಿಯಲ್ಲಿಯೇ ಉಳಿಯಿತು. ಬಲಗಣ್ಣೇ ಯಜಮಾನ. ಇಲ್ಲವಾಗಿದ್ದರೆ ಎಡಹೆಗಲಿನಿಂದ ಹೊಡೆಯುವುದನ್ನೇ ಮೊದಲಿನಿಂದ ಕಲಿಸಬೇಕಾಗುತ್ತಿತ್ತು.

ಈಗ ಅಜ್ಜನ ಕೋವಿಯ ವಿಚಾರ ಬಂದಿತು. ವ್ಯಾಪಾರಿ ಅದನ್ನು ಗೌರವದಿಂದಲೇ ಎತ್ತಿಕೊಂಡ. ಅದರ ಶಕ್ತಿ ಸಾಲದೆಂದಲ್ಲ. ಆ ಕಾಡಿನಲ್ಲಿ ಜಿಂಕೆ ಕಾಣುವುದೇ ಸಾಮಾನ್ಯವಾಗಿ ನೂರು ಗಜದೊಳಗೆ. ತೊಡಕು ಹೊರಗೆ ಚಾಚಿಕೊಂಡ ಅದರ ಕುದುರೆಯಲ್ಲಿತ್ತು. ಏರಿಸಿದ ಕುದುರೆಯನ್ನು, ಹೊಡೆಯದೆ ಬಿಡುವಾಗ, ಹೆಬ್ಬೆರಳಿನಿಂದ ಹಿಡಿದು ಮೆಲ್ಲಗೆ ಇಳಿಸಬೇಕು. ಮರಗಟ್ಟಿದ ಎಳೆಯ ಬೆರಳು ಜಾರಿತೆಂದರೆ ಈಡು ಹಾರಿತು. ಹೊಡೆಯುವುದಕ್ಕಿಂತ ಹೊಡೆಯದೆ ಬಿಡುವುದು ಕಷ್ಟವಾದ ಕೋವಿ ಅದು. ತಾಯಿಯ ಪ್ರಶ್ನೆ ಅಜ್ಜನಿಗೆ ಆಗ ನೆನಪಾಗಿರಬೇಕು. ಕೋವಿಯನ್ನು ತಿರುಗಿ ಚೀಲಕ್ಕೆ ಸೇರಿಸಿದ.

ಸೋದರಮಾವನ ಕೋವಿಗೆ ವ್ಯಾಪಾರಿ ಬೇರೊಂದು ಉತ್ತರ ಕೊಟ್ಟ. ಕೋವಿ ಮುಂದಕ್ಕೆ ಹೊಡೆದಷ್ಟೂ ಹಿಂದಕ್ಕೆ ಒದೆಯುತ್ತದೆ. .30-06ರ ಗುಂಡು ಸಾಮಾನ್ಯವಾಗಿ 150ರಿಂದ 180 ಗ್ರೇನು ತೂಕ. ಅದರ ಒದೆತ ದೊಡ್ಡವರ ಹೆಗಲಿಗೇ ಚುರುಕು ಮುಟ್ಟಿಸುತ್ತದೆ. ಒಮ್ಮೆ ಹೆಗಲು ಕಂದಿತೆಂದರೆ ಮಗು ಮುಂದಿನ ಸಲ ಟ್ರಿಗರೆಳೆಯುವ ಕ್ಷಣದಲ್ಲಿ ತನಗರಿಯದೆಯೇ ಕಣ್ಣು ಮುಚ್ಚುತ್ತದೆ, ಮೈ ಬಿಗಿಯುತ್ತದೆ. ಗುರಿ ಅಂಗೈಯಗಲ ತಪ್ಪುತ್ತದೆ. ಆ ಅಂಗೈಯಗಲದಲ್ಲಿಯೇ ಜಿಂಕೆಯ ಹೃದಯವೂ ಶ್ವಾಸಕೋಶವೂ ಇರುವುದು. ಅದು ತಪ್ಪಿದರೆ ಗುಂಡು ಹೊಟ್ಟೆಗೋ ಕಾಲಿಗೋ ತಾಗುತ್ತದೆ. ಮಗುವಿನ ಅಂಜಿಕೆಯ ಬೆಲೆಯನ್ನು ಮೂಕಪ್ರಾಣಿ ತೆರಬೇಕಾಗುತ್ತದೆ.

ಕೊನೆಗೆ ವ್ಯಾಪಾರಿ ಕೆಳಗಿಳಿಸಿದ್ದು ಬೋಲ್ಟಿನ ರೈಫಲು, ಗಿಡ್ಡ ಬುಡದ್ದು, .243 ತೋಟಾದ್ದು. 1952ರಲ್ಲಿ ಬಂದ .308 ತೋಟಾದ ಕತ್ತನ್ನು ಕಿರಿದು ಮಾಡಿ 1955ರಲ್ಲಿ ವಿಂಚೆಸ್ಟರ್ ಕಂಪೆನಿ ಹೊರತಂದ ತೋಟಾ ಅದು. ಗುಂಡಿನ ದಪ್ಪ ಆರು ಮಿಲಿಮೀಟರಿಗೆ ತುಸು ಹೆಚ್ಚು. ಜಿಂಕೆಗೆ ಹೊಡೆಯುವ ಗುಂಡಿನ ತೂಕ ಸುಮಾರು 100 ಗ್ರೇನು, ಎಂದರೆ ಆರೂವರೆ ಗ್ರಾಮು. ಒದೆತ ಸೋದರಮಾವನ ಕೋವಿಯ ಅರ್ಧದಷ್ಟು. ಸರಿಯಾದ ಎಡೆಗೆ ತಾಗಿದರೆ ಜಿಂಕೆಯನ್ನು ನರಳಿಸದೆ ಕೆಡಹುವಷ್ಟು ಬಲ ಅದಕ್ಕಿದೆ. ಒಂದು ಈಡಾದ ಮೇಲೆ ಬೋಲ್ಟನ್ನು ಕೈಯಿಂದಲೇ ಎತ್ತಿ ಎಳೆದು ತಳ್ಳದೆ ಇನ್ನೊಂದು ಈಡು ಬರುವುದಿಲ್ಲ. ತಾನೇ ತುಂಬಿಕೊಂಡು ಹೊಡೆಯುವ ರೈಫಲನ್ನು ಜಿಂಕೆಬೇಟೆಗೆ ಆ ರಾಜ್ಯದ ಕಾನೂನು ಹೇಗೂ ಒಪ್ಪುವುದಿಲ್ಲ. ತಡೆಗೀಲಿಗೆ ಇರುವುದು ಎರಡೇ ನೆಲೆ. ಕೋವಿಯ ತೂಕದಲ್ಲಿಯೂ ಒಂದು ಹದವಿದೆ: ತೀರ ಹಗುರವಾದರೆ ಒದೆತ ಹೆಚ್ಚು, ತೀರ ಭಾರವಾದರೆ ಮಗುವಿನ ಕೈ ನಡುಗುತ್ತದೆ. ದುರ್ಬೀನನ್ನು ಕಣ್ಣಿನಿಂದ ತಕ್ಕಷ್ಟು ದೂರದಲ್ಲಿ ಕೂರಿಸಬೇಕು. ಇಲ್ಲವಾದರೆ ಮೊದಲ ಈಡಿಗೇ ಅದರ ಅಂಚು ಹುಬ್ಬನ್ನು ಸೀಳಿ ಪಾಠ ಕಲಿಸುತ್ತದೆ.

“ಮೊದಲ ವರ್ಷ ಒಂದೇ ತೋಟಾ ತುಂಬಿಸಿ” ಎಂದ ವ್ಯಾಪಾರಿ, ಹಣ ಎಣಿಸಿಕೊಳ್ಳುತ್ತ. “ಎರಡನೆಯದು ಇದೆಯೆಂದು ಗೊತ್ತಿದ್ದವರು ಮೊದಲನೆಯದನ್ನು ಜೋಪಾನವಾಗಿ ಹೊಡೆಯುವುದಿಲ್ಲ.”

ಕೊಡಗಿನ ನೆನಪು

ಮಗುವಿನ ಕೈಗೆ ಕೋವಿ ಎಂದೊಡನೆ ಬಸವನಗುಡಿಯ ಅಥವಾ ಧಾರವಾಡದ ಓದುಗರು ಹುಬ್ಬೇರಿಸಬಹುದು. ಆದರೆ ಕನ್ನಡನಾಡಿನಲ್ಲಿಯೂ ಕೋವಿ ಮನೆಯ ಒಂದು ಒಡವೆಯಾಗಿರುವ ಸೀಮೆಯುಂಟು. ಕೊಡಗಿನಲ್ಲಿ ಗಂಡುಮಗು ಹುಟ್ಟಿದಾಗ ಗಾಳಿಯಲ್ಲಿ ಈಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸುವುದು ಹಳೆಯ ಪದ್ಧತಿ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲುಮುಹೂರ್ತದಂದು ಕೋವಿಗಳನ್ನು ಸಾಲಾಗಿಟ್ಟು, ತೋಕ್ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಯುತ್ತದೆ. ಕೋವಿಯ ಲೈಸೆನ್ಸಿನ ವಿಷಯದಲ್ಲಿ ಕೊಡವರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ನಮ್ಮಲ್ಲಿ ಷಿಕಾರಿಯ ಕಾಲ ಮುಗಿಯಿತು. ಕೊಡಗಿನ ಗುರಿಗಾರನ ಮುಂದೆ ಉಳಿದಿರುವುದು ತೆಂಗಿನಕಾಯಿಯೇ. ಒಂದು ನಾಡು ಉಳಿದ ಜಿಂಕೆಯನ್ನು ಕಾಪಾಡಲು ಕೋವಿಯನ್ನು ಕೆಳಗಿಡಿಸಿತು. ಇನ್ನೊಂದು ನಾಡು ಹೆಚ್ಚಿದ ಜಿಂಕೆಯನ್ನು ಮಿತಿಯಲ್ಲಿಡಲು ಕೋವಿಯನ್ನು ಉಳಿಸಿಕೊಂಡಿತು. ಆಯಾ ಕಾಡಿನ ಸ್ಥಿತಿಗೆ ತಕ್ಕಂತೆ ಆಯಾ ನಾಡಿನ ನೀತಿ.

ಶನಿವಾರದ ಬೆಳಗು

ಕೋವಿ ಬಂದ ದಿನದಿಂದ ಬೇಟೆಯ ದಿನದವರೆಗೆ ಹುಡುಗಿಗೆ ಅಭ್ಯಾಸವೋ ಅಭ್ಯಾಸ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಯಾವ ಕೋವಿಯನ್ನೂ ತುಂಬಿದ ಕೋವಿಯೆಂದೇ ತಿಳಿ. ನಳಿಗೆಯನ್ನು ಹೊಡೆಯಬಾರದುದರ ಕಡೆಗೆ ತಿರುಗಿಸಬೇಡ. ಗುರಿ ನಿಲ್ಲುವವರೆಗೆ ಬೆರಳನ್ನು ಟ್ರಿಗರಿನ ಹೊರಗಿಡು. ಗುರಿಯ ಹಿಂದೆ ಏನಿದೆಯೆಂದು ನೋಡು. ಈ ನಾಲ್ಕು ಸೂತ್ರಗಳನ್ನು ಮಗ್ಗಿಯಂತೆ ಒಪ್ಪಿಸಬೇಕು. ತಂದೆ ಒಮ್ಮೊಮ್ಮೆ ಅವಳಿಗೆ ತಿಳಿಯದಂತೆ ಮದ್ದಿಲ್ಲದ ಹುಸಿ ತೋಟಾ ತುಂಬಿಸಿ ಕೊಡುತ್ತಿದ್ದ. ಸದ್ದಿಲ್ಲದ ಆ ಈಡಿನಲ್ಲಿ ನಳಿಗೆ ಅಲುಗಿತೆಂದರೆ ಅಂಜಿಕೆಯ ಗುಟ್ಟು ರಟ್ಟಾಗುತ್ತದೆ. ಮೊದಮೊದಲು ಅಲುಗಿತು; ಮೂರು ವಾರದ ಮೇಲೆ ಅಲುಗಲಿಲ್ಲ.

ಶನಿವಾರ ಬೆಳಗಿನ ಜಾವ. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವರ ಮನೆಯಲ್ಲಿ ಬೇಟೆಗಾರರಿಗೆ ಮೊಟ್ಟೆ, ದೋಸೆಯಂಥ ಸಿಹಿರೊಟ್ಟಿ, ಬಿಸಿ ಕಾಫಿ. ಆಮೇಲೆ ಕತ್ತಲೆಯಲ್ಲಿಯೇ ಗುಡ್ಡದ ಹಾದಿ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಬೇಟೆಯ ಹೊತ್ತು ಆರಂಭ. ನಮ್ಮ ಮಲೆನಾಡಿನ ಹಿಂದಿನ ಷಿಕಾರಿಯವರು ಮರಸು ಕೂರುತ್ತಿದ್ದಂತೆ, ಬಿದ್ದ ಮರದ ಮರೆಯಲ್ಲಿ ತಂದೆಯೂ ಮಗಳೂ ಕುಳಿತರು. ಉಸಿರು ಹೊಗೆಯಾಗುತ್ತಿತ್ತು. ದೂರದ ಕಣಿವೆಗಳಲ್ಲಿ ಒಂದೊಂದೇ ಈಡಿನ ಸದ್ದು.

ಎಂಟು ಗಂಟೆಗೆ ಮೊದಲ ಜಿಂಕೆ ಕಂಡಿತು. ಕೊಂಬಿನ ಗಂಡು. ಗುಡ್ಡದ ನೆತ್ತಿಯ ಮೇಲೆ, ಬೆಳಗಿನ ಆಕಾಶವನ್ನು ಬೆನ್ನಿಗಿಟ್ಟುಕೊಂಡು, ಚಿತ್ರ ಬರೆದಂತೆ ನಿಂತಿತ್ತು. ಹುಡುಗಿ ಕೋವಿಯನ್ನೆತ್ತಿದಳು, ಕೋಟಿಗೆ ಸಿಕ್ಕದೆ ಅದು ಹೆಗಲಿಗೆ ಸರಿಯಾಗಿ ಕುಳಿತಿತು. ದುರ್ಬೀನಿನಲ್ಲಿ ಜಿಂಕೆಯ ಮುಂಗಾಲಿನ ಹಿಂಬದಿ ತುಂಬಿ ಕಾಣುತ್ತಿತ್ತು. ತಂದೆ ಉಸಿರೆತ್ತಲಿಲ್ಲ. ಒಂದು ಕ್ಷಣ, ಎರಡು ಕ್ಷಣ. ಹುಡುಗಿ ಕೋವಿಯನ್ನು ಕೆಳಗಿಳಿಸಿದಳು.

“ಅದರ ಹಿಂದೆ ಏನಿದೆಯೋ ಕಾಣುವುದಿಲ್ಲ” ಎಂದು ಪಿಸುಗುಟ್ಟಿದಳು.

ನಿಜ. ಗುಂಡು ತಪ್ಪಿದರೆ, ಅಥವಾ ಜಿಂಕೆಯನ್ನು ದಾಟಿಹೋದರೆ, ಗುಡ್ಡದಾಚೆ ಎಲ್ಲಿಗೆ ಹೋಗುವುದೋ ಹೇಳುವವರಾರು? ಆಚೆ ಇಳಿಜಾರಿನಲ್ಲಿ ಬೇರೆ ಬೇಟೆಗಾರರಿರಬಹುದು, ಮನೆಗಳಿರಬಹುದು. ಜಿಂಕೆ ಬಿಳಿಬಾಲವನ್ನು ಬಾವುಟದಂತೆ ಎತ್ತಿ ಮರೆಯಾಯಿತು. ತಂದೆ ಏನೂ ಹೇಳದೆ ಅವಳ ಟೋಪಿಯನ್ನು ಸರಿಪಡಿಸಿದ.

ಎರಡನೆಯ ಜಿಂಕೆ ಬಂದದ್ದು ಹತ್ತು ಗಂಟೆಯ ಮೇಲೆ, ತಗ್ಗಿನಲ್ಲಿ, ಹಿಂದೆ ಮಣ್ಣಿನ ದಿಬ್ಬವಿರುವ ಕಡೆ. ಅರುವತ್ತು ಗಜವಿದ್ದೀತು. ಹುಡುಗಿ ಮೊಣಕಾಲಿಗೆ ಮೊಣಕೈಯಾನಿಸಿ ಗುರಿಯಿಟ್ಟು ಟ್ರಿಗರೆಳೆದಳು. ಕಾಡೆಲ್ಲ ಮೊಳಗಿತು. ಜಿಂಕೆ ಒಮ್ಮೆ ನೆಗೆದು ಓಡಿಹೋಯಿತು.

ಆ ಮೇಲಿನ ಒಂದು ಗಂಟೆ ಬೇಟೆಯಲ್ಲ, ತಪಾಸಣೆ. ಗುಂಡು ತಾಗಿದ್ದರೆ ಪ್ರಾಣಿಯನ್ನು ಅರೆಜೀವವಾಗಿ ಬಿಟ್ಟುಬರುವುದು ಮಹಾಪರಾಧ. ಜಿಂಕೆ ನಿಂತಿದ್ದ ಜಾಗದಲ್ಲಿ ಮಂಡಿಯೂರಿ ಎಲೆಯೆಲೆಯನ್ನೂ ನೋಡಿದರು. ರಕ್ತದ ಹನಿಯಿಲ್ಲ, ಉದುರಿದ ರೋಮವಿಲ್ಲ. ಹೆಜ್ಜೆಯ ಜಾಡು ಹಿಡಿದು ಹಳ್ಳದವರೆಗೂ ಹೋದರು. ಕೊನೆಗೆ ತಂದೆ ಹಿಂದಿರುಗಿ, ದಿಬ್ಬದ ಕೆಳಗಿನ ಬೀಚ್ ಮರದ ಬೊಡ್ಡೆಯಲ್ಲಿ ಹೊಸದಾಗಿ ಕೊರೆದ ತೂತನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಗುಂಡು ಜಿಂಕೆಯ ಬೆನ್ನಿನ ಮೇಲಿನಿಂದ ಹಾದುಹೋಗಿತ್ತು. ಹುಡುಗಿ ಆಗ ಅತ್ತಳು. ಜಿಂಕೆ ತಪ್ಪಿಹೋಯಿತೆಂಬ ದುಃಖವೋ, ಗಾಯವಾಗಲಿಲ್ಲವೆಂಬ ನೆಮ್ಮದಿಯೋ, ಅವಳಿಗೂ ತಿಳಿದಿರಲಾರದು.

ಆ ನಾಡಿನ ಬೇಟೆಯ ಬಿಡಾರಗಳಲ್ಲಿ ಒಂದು ಹಳೆಯ ಆಚಾರವಿದೆ. ಗುರಿ ತಪ್ಪಿದವನ ಅಂಗಿಯ ತುದಿಯನ್ನು ಕತ್ತರಿಸಿ, ಹೆಸರೂ ಇಸವಿಯೂ ಬರೆದು ಗೋಡೆಗೆ ಮೊಳೆಹೊಡೆಯುತ್ತಾರೆ. ರಾತ್ರಿ ಒಲೆಯ ಮುಂದೆ ಸೋದರಮಾವ ಕತ್ತರಿ ಹಿಡಿದು ನಗುತ್ತ ಬಂದ. ಹುಡುಗಿಯ ಅಂಗಿಯಿಂದ ಒಂದು ಚೌಕ ಹೋಯಿತು. ಗೋಡೆಯ ಮೇಲೆ ಅದಕ್ಕೆ ಜಾಗ ಹುಡುಕುವಾಗ ಅವಳು ಕಂಡಳು: ತಂದೆಯದು ಒಂದು, ಸೋದರಮಾವನವು ಮೂರು, ಹೊಗೆಗೆ ಕಪ್ಪಾಗಿ ಇಸವಿ ಓದಲಾಗದಂತಾದ ಅಜ್ಜನದೊಂದು. ಅಜ್ಜ ತನ್ನದರ ಪಕ್ಕದಲ್ಲಿಯೇ ಮೊಳೆ ಹೊಡೆದು, “ಎಂಟು ಗಂಟೆಯ ಜಿಂಕೆಗೆ ಗೋಡೆಯ ಮೇಲೆ ಹಾಕಲು ನಮ್ಮಲ್ಲಿ ಏನೂ ಇಲ್ಲ, ಅದು ದೊಡ್ಡ ಲೋಪ” ಎಂದ.

ಮನೆಗೆ ಬಂದಾಗ ತಾಯಿ ಮೊದಲು ಮಗಳ ಹೆಗಲನ್ನು ನೋಡಿದಳು. ಕಂದಿರಲಿಲ್ಲ. “ಒದೆಯಿತೆ?” ಎಂದು ಕೇಳಿದರೆ, “ನನಗೆ ಗೊತ್ತೇ ಆಗಲಿಲ್ಲ” ಎಂದು ಉತ್ತರ. ತಂದೆ ಬೋಲ್ಟನ್ನು ತೆಗೆದು, ನಳಿಗೆಯನ್ನು ಒರೆಸಿ, ಕೋವಿಯನ್ನು ಕಪಾಟಿನಲ್ಲಿಟ್ಟ. ತಾಯಿ ಬೀಗ ಹಾಕಿ ಕೈಯನ್ನು ತೆಗೆದುಕೊಂಡಳು. ಮೇಜಿನ ಖಾನೆಯಲ್ಲಿ, ಅಂಗಡಿಯವನು ಕೊಟ್ಟ ಪೊಟ್ಟಣದಲ್ಲಿ, ಕೋವಿಯ ಬುಡಕ್ಕೆ ಸೇರಿಸುವ ಎರಡು ಬಿಲ್ಲೆಗಳಿದ್ದುವು. ಮುಂದಿನ ನವೆಂಬರಿಗೆ ಹುಡುಗಿಯ ಕೈ ಒಂದು ಬಿಲ್ಲೆಯಷ್ಟು ಬೆಳೆದಿರುತ್ತದೆ.